ಕಂತು ಕಟ್ಟಲಾಗದ ಅರ್ಜಿಯಲ್ಲಿ ‘ಇನೆಬಿಲಿಟಿ’ ಬರೆಯಬೇಕೋ, ‘ಡಿಸೆಬಿಲಿಟಿ’ ಬರೆಯಬೇಕೋ?

ತೊಗರಿನಾಡು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯ ನ್ಯಾಯಾಲಯದ ಸಮೀಪ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಆಳಂದ, ಚಿಂಚೋಳಿ, ಸೇಡಂ ಕಡೆಯ ರೈತರು ಬ್ಯಾಂಕಿಗೂ ವಿಮಾ ಕಂಪನಿಗೂ ಕೊಡಬೇಕಾದ ಅರ್ಜಿಗಳನ್ನು ಇಲ್ಲಿ ಇಂಗ್ಲಿಷಿನಲ್ಲಿ ಬರೆಸಿಕೊಂಡು ಹೋಗುತ್ತಾರೆ. ಈಚೆಗೆ ಒಬ್ಬ ಹಿರಿಯರು ತಮ್ಮ ಮೊಮ್ಮಗಳು ಬರೆದುಕೊಟ್ಟ ಕರಡನ್ನು ತಂದಿದ್ದರು. ನೆಟೆ ರೋಗ ಬಿದ್ದು ತೊಗರಿ ಒಣಗಿದ್ದರಿಂದ ಈ ಸಲ ಸಾಲದ ಕಂತು ಕಟ್ಟಲಾಗುತ್ತಿಲ್ಲ ಎಂಬುದು ಅದರ ವಿಷಯ. ಕಟ್ಟಲಾಗದಿರುವುದನ್ನು ಆ ಹುಡುಗಿ ‘ಡಿಸೆಬಿಲಿಟಿ ಟು ಪೇ’ ಎಂದು ಬರೆದಿದ್ದಳು. ನಾನು ಅದನ್ನು ‘ಇನೆಬಿಲಿಟಿ ಟು ಪೇ’ ಎಂದು ತಿದ್ದಿದೆ. ಪಕ್ಕದಲ್ಲಿ ಕುಳಿತಿದ್ದವರೊಬ್ಬರು ‘ಇನ್‌ಕೇಪಬಲ್’ ಎಂದು ಹಾಕಿದರೆ ಮಾತಿಗೆ ಇನ್ನಷ್ಟು ತೂಕ ಬರುತ್ತದೆ ಎಂದರು. ಇದನ್ನೆಲ್ಲ ಕೇಳುತ್ತಿದ್ದ ಆ ಹಿರಿಯರು, “ತಮ್ಮಾ, ನಾ ಕೈಲಾಗದಂವ ಅಂತ ಬರೀಬ್ಯಾಡ, ಈ ವರ್ಷ ನೀಗಂಗಿಲ್ಲ ಅಂತಷ್ಟ ಬರಿ” ಎಂದುಬಿಟ್ಟರು.

ಅವರ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. ಇಂಗ್ಲಿಷಿನ ಈ ಶಬ್ದಗಳಲ್ಲಿ ಯಾವುದು ‘ನೀಗಂಗಿಲ್ಲ’ ಎಂಬುದಕ್ಕೆ ಹತ್ತಿರ, ಯಾವುದು ‘ಕೈಲಾಗದವ’ ಎಂಬುದಕ್ಕೆ ಹತ್ತಿರ? ಹಾಗೆಯೇ ‘ಅನೇಬಲ್’ ಎಂಬ ವಿಶೇಷಣವಿರುವಾಗ ನಾಮಪದವು ‘ಅನೆಬಿಲಿಟಿ’ ಎಂದಾಗದೆ ‘ಇನೆಬಿಲಿಟಿ’ ಎಂದೇಕೆ ಆಗುತ್ತದೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಓದುಮನೆ, ಬೀದರ್

ನಾನು ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದವನು. ನೀವು ತಿದ್ದಿದ್ದು ಸರಿಯಾಗಿಯೇ ಇದೆ.

ಮೊದಲು ಸಣ್ಣ ಪ್ರಶ್ನೆಯನ್ನು ಮುಗಿಸುತ್ತೇನೆ. ‘ಅನ್’ ಎಂಬುದು ಇಂಗ್ಲಿಷಿನ ಸ್ವಂತ ಉಪಸರ್ಗ. ‘ಇನ್’ ಎಂಬುದು ಲ್ಯಾಟಿನ್ನಿನಿಂದ ಬಂದದ್ದು. ಇಂತಹ ಅನೇಕ ನಾಮಪದಗಳು ಲ್ಯಾಟಿನ್ ಮತ್ತು ಫ್ರೆಂಚ್ ಮೂಲದಿಂದ ‘ಇನ್’ ಸಮೇತವಾಗಿಯೇ ಬಳಕೆಗೆ ಬಂದವು, ವಿಶೇಷಣಗಳಿಗೆ ಮಾತ್ರ ಜನ ತಮ್ಮ ಬಾಯಿಯ ‘ಅನ್’ ಸೇರಿಸಿಕೊಂಡರು. ಆದ್ದರಿಂದಲೇ ‘ಅನ್‌ಜಸ್ಟ್’ ಆದರೂ ‘ಇನ್‌ಜಸ್ಟಿಸ್’, ‘ಅನ್‌ಈಕ್ವಲ್’ ಆದರೂ ‘ಇನ್‌ಈಕ್ವಾಲಿಟಿ’, ‘ಅನ್‌ಸ್ಟೇಬಲ್’ ಆದರೂ ‘ಇನ್‌ಸ್ಟೆಬಿಲಿಟಿ’. ‘ಅನೆಬಿಲಿಟಿ’ ಎಂಬ ರೂಪವೂ ಹಿಂದೊಮ್ಮೆ ಇತ್ತು, ಈಗ ಬಳಕೆಯಲ್ಲಿಲ್ಲ.

ನಿಮ್ಮ ನಿಜವಾದ ಪ್ರಶ್ನೆ ಮರ್ಯಾದೆಯದು. ‘ಇನೆಬಿಲಿಟಿ’ ಸಾಮಾನ್ಯವಾಗಿ ಒಂದು ಕ್ರಿಯೆಯನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ: ‘ಇನೆಬಿಲಿಟಿ ಟು ಪೇ’, ‘ಇನೆಬಿಲಿಟಿ ಟು ಅಟೆಂಡ್’, ‘ಇನೆಬಿಲಿಟಿ ಟು ಸ್ಲೀಪ್’. ಯಾವ ಕೆಲಸ ಆಗಲಿಲ್ಲ ಎಂಬುದನ್ನು ಅದು ಅಲ್ಲಿಯೇ ಗಡಿ ಹಾಕಿ ಹೇಳುವುದರಿಂದ, ಉಳಿದ ವಿಷಯಗಳಲ್ಲಿ ಆ ಮನುಷ್ಯ ಹೇಗೆ ಎಂಬುದರ ಬಗ್ಗೆ ಚಕಾರವೆತ್ತುವುದಿಲ್ಲ. ‘ಇನ್‌ಕಾಂಪಿಟೆಂಟ್’ ಎಂಬುದಕ್ಕೆ ಅಂತಹ ಬಾಲ ಬೇಕಿಲ್ಲ. ‘ಹೀ ಈಸ್ ಇನ್‌ಕಾಂಪಿಟೆಂಟ್’ ಎಂದರೆ ಮಾತು ಮುಗಿಯಿತು, ಮನುಷ್ಯನ ಮೇಲೆಯೇ ತೀರ್ಪು ಬಿತ್ತು. ನಮ್ಮ ಕಡೆ ಬೈಗುಳವಾಗಿ ಬಳಸುವ ‘ನಾಲಾಯಕ್’ ಅದಕ್ಕೆ ಸರಿಯಾದ ಜೋಡಿ. ‘ಇನ್‌ಕೇಪಬಲ್’ ಇವೆರಡರ ನಡುವೆ ನಿಲ್ಲುತ್ತದೆ. ಅದಕ್ಕೆ ‘ಟು’ ಸೇರುವುದಿಲ್ಲ, ‘ಆಫ್’ ಸೇರುತ್ತದೆ: ‘ಇನ್‌ಕೇಪಬಲ್ ಆಫ್ ಪೇಯಿಂಗ್’. ಈ ಹೊತ್ತಿನ ಅಡಚಣೆಗಿಂತ ಆಳದಲ್ಲಿರುವ ಸ್ವಭಾವವನ್ನೇ ಅದು ಹೇಳುವುದು ಹೆಚ್ಚು. ಒಬ್ಬರನ್ನು ‘ಇನ್‌ಕೇಪಬಲ್ ಆಫ್ ಟೆಲಿಂಗ್ ಎ ಲೈ’ ಎಂದರೆ ಅದು ಹೊಗಳಿಕೆ, ಸುಳ್ಳು ಹೇಳುವುದು ಅವರ ಗುಣದಲ್ಲೇ ಇಲ್ಲ ಎಂದರ್ಥ. ಹೀಗಿರುವಾಗ ಸಾಲಗಾರನೊಬ್ಬ ತನ್ನನ್ನು ‘ಇನ್‌ಕೇಪಬಲ್ ಆಫ್ ಪೇಯಿಂಗ್’ ಎಂದು ಕರೆದುಕೊಂಡರೆ ಮುಂದೆಯೂ ಕಟ್ಟಲಾರೆ ಎಂಬ ಧ್ವನಿ ಹೊರಡುತ್ತದೆ. ನಿಮ್ಮ ಪಕ್ಕದಲ್ಲಿದ್ದವರ ಸಲಹೆಯನ್ನು ನೀವು ಒಪ್ಪದಿದ್ದುದು ಒಳ್ಳೆಯದಾಯಿತು.

ಕನ್ನಡದಲ್ಲಿ ನಾವು ‘ನನಗೆ ಈಜಲು ಬರುವುದಿಲ್ಲ’ ಎಂದು ಕಲಿಯದ ವಿದ್ಯೆಯನ್ನೂ, ‘ಇವತ್ತು ನನ್ನಿಂದ ಈಜಲು ಆಗುವುದಿಲ್ಲ’ ಎಂದು ಸದ್ಯದ ಅಡ್ಡಿಯನ್ನೂ ಬೇರೆಬೇರೆಯಾಗಿಯೇ ಹೇಳುತ್ತೇವೆ. ‘ಒಲ್ಲೆ’ ಎಂದರೆ ಮೂರನೆಯದೇ ಮಾತಾಯಿತು. ‘ಇನೆಬಿಲಿಟಿ’ ಮೊದಲಿನೆರಡನ್ನೂ ಒಂದೇ ಮಡಿಲಿಗೆ ಹಾಕಿಕೊಳ್ಳುತ್ತದೆ, ಮೂರನೆಯದನ್ನು ಹೊರಗಿಡುತ್ತದೆ. ಹಾಗಾಗಿ ಇಂಗ್ಲಿಷಿನಲ್ಲಿ ಬರೆಯುವಾಗ ಕಾರಣವನ್ನೂ ಅವಧಿಯನ್ನೂ ಕೂಡಲೇ ಸೇರಿಸಬೇಕಾಗುತ್ತದೆ: ಬೆಳೆ ಹೋದದ್ದರಿಂದ, ಈ ವರ್ಷದ ಕಂತನ್ನು. ಆ ಹಿರಿಯರು ಕೇಳಿದ್ದೂ ಇಷ್ಟನ್ನೇ.

ಕರಿಕೋಟು, ಕಲಬುರಗಿ

ಗುರುಗಳು ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದು ಎಚ್ಚರಿಕೆಯನ್ನು ಸೇರಿಸಬಯಸುತ್ತೇನೆ. ನ್ಯಾಯಾಲಯದ ಕಾಗದಗಳಲ್ಲಿ ಈ ಶಬ್ದಗಳು ಬೈಗುಳದ ಅರ್ಥವನ್ನು ಕಳಚಿಟ್ಟು ಬೇರೆ ಅರ್ಥದಲ್ಲಿ ಬರುತ್ತವೆ. 1872ರ ಭಾರತೀಯ ಕರಾರು ಅಧಿನಿಯಮದ 11ನೇ ಕಲಮು ಯಾರು ಕರಾರು ಮಾಡಲು ‘ಕಾಂಪಿಟೆಂಟ್’, ಅಂದರೆ ಅರ್ಹರು, ಎಂದು ಹೇಳುತ್ತದೆ. ಅದರಂತೆ ಎಷ್ಟೇ ಜಾಣನಾದ ಹದಿನೇಳರ ಹುಡುಗನೂ ಸಾಮಾನ್ಯವಾಗಿ ‘ಇನ್‌ಕಾಂಪಿಟೆಂಟ್’ ಆಗುತ್ತಾನೆ. ಅಪ್ರಾಪ್ತರ ಕರಾರು ಮೂಲದಲ್ಲೇ ಶೂನ್ಯ ಎಂದು ಬ್ರಿಟಿಷರ ಕಾಲದ ಅತ್ಯುನ್ನತ ನ್ಯಾಯಪೀಠವಾಗಿದ್ದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬೀ ಪ್ರಕರಣದಲ್ಲಿ ಹೇಳಿದ್ದು ಇದೇ ಆಧಾರದ ಮೇಲೆ. ದಾವೆ ಹೂಡಲು ಗಡುವು ಹೇಳುವ 1963ರ ಕಾಲಪರಿಮಿತಿ ಅಧಿನಿಯಮದ 6ನೇ ಕಲಮಿನಲ್ಲಿರುವ ‘ಲೀಗಲ್ ಡಿಸೆಬಿಲಿಟಿ’ಯೂ ಅಪ್ರಾಪ್ತ ವಯಸ್ಸು, ಬುದ್ಧಿಭ್ರಮಣೆ ಮುಂತಾದ ಸ್ಥಿತಿಗಳಿಗೆ ಸಂಬಂಧಿಸಿದ್ದು, ಕೈಕಾಲಿನ ಊನಕ್ಕೂ ಅದಕ್ಕೂ ಸಂಬಂಧವಿಲ್ಲ.

ಜೀವನಾಂಶದ ಅರ್ಜಿಗಳಲ್ಲಿ ‘ಅನೇಬಲ್ ಟು ಮೇಂಟೇನ್ ಹರ್‌ಸೆಲ್ಫ್’ ಎಂಬ ಮಾತನ್ನು ನಿಮ್ಮ ಅಂಗಡಿಯಲ್ಲಿಯೇ ಎಷ್ಟೋ ಸಲ ಟೈಪು ಮಾಡಿರುತ್ತೀರಿ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿದ್ದ ಆ ಮಾತು ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಹೊಟ್ಟೆಪಾಡಿಗೆ ಸಾಕಾಗುವಷ್ಟು ಆದಾಯ ಆಕೆಗೆ ಇಲ್ಲ ಎಂಬುದಷ್ಟೇ ಅದರ ಅರ್ಥವಾಗಿರುವುದರಿಂದ, ಓದು ಬಲ್ಲ ಹೆಣ್ಣುಮಗಳೂ ಅದನ್ನು ಸಂಕೋಚವಿಲ್ಲದೆ ಬರೆಸಬಹುದು.

ಬ್ಯಾಂಕಿನ ನೋಟೀಸಿನಲ್ಲಿ ಸಾಮಾನ್ಯವಾಗಿ ‘ಫೇಲ್ಯೂರ್ ಟು ಪೇ’ ಎಂದಿರುತ್ತದೆ. ಹಣ ಬರಲಿಲ್ಲ ಎಂಬುದನ್ನು ಮಾತ್ರ ಅದು ದಾಖಲಿಸುತ್ತದೆ, ಏಕೆ ಬರಲಿಲ್ಲ ಎಂದು ಕೇಳುವುದಿಲ್ಲ. ಉತ್ತರದಲ್ಲಿ ‘ಇನೆಬಿಲಿಟಿ’ ಎಂದು ಬರೆದಾಗ ಮನಸ್ಸಿತ್ತು, ಹಣವಿರಲಿಲ್ಲ ಎಂದು ಹೇಳಿದಂತಾಗುತ್ತದೆ. ದೊಡ್ಡ ಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ ನಿಯಮಗಳು, ಕಟ್ಟುವ ಶಕ್ತಿಯಿದ್ದೂ ಕಟ್ಟದವನನ್ನು ‘ವಿಲ್‌ಫುಲ್ ಡಿಫಾಲ್ಟರ್’ ಎಂದು ಬೇರೆಯಾಗಿ ಗುರುತಿಸುತ್ತವೆ. ಆಗದವನಿಗೂ ಒಲ್ಲದವನಿಗೂ ಇರುವ ಅಂತರ ಎಷ್ಟು ದೊಡ್ಡದೆಂಬುದು ಇದರಿಂದ ತಿಳಿಯುತ್ತದೆ. ರೈತರ ಅರ್ಜಿಯಲ್ಲಿಯೂ ಈ ಅಂತರ ಮೊದಲ ಸಾಲಿನಲ್ಲಿಯೇ ಕಾಣುವಂತಿರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಭೀಮಾತೀರ, ಯಾದಗಿರಿ

ನಾನು ಚಿಕ್ಕಂದಿನಲ್ಲಿ ಪೋಲಿಯೋದಿಂದ ಕಾಲಿನ ಬಲ ಕಳೆದುಕೊಂಡವನು, ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ಆ ಮೊಮ್ಮಗಳ ‘ಡಿಸೆಬಿಲಿಟಿ ಟು ಪೇ’ ಎಂಬುದನ್ನು ವ್ಯಾಕರಣದ ತಪ್ಪೆಂದು ಬಿಟ್ಟುಬಿಡಲು ನನಗೆ ಮನಸ್ಸಾಗುತ್ತಿಲ್ಲ, ಏಕೆಂದರೆ ಎರಡೂ ಶಬ್ದಗಳು ಒಂದೇ ಎಂದು ತಿಳಿದವರು ಕಚೇರಿಗಳಲ್ಲಿಯೂ ಇದ್ದಾರೆ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 1995ರ ಕಾಯ್ದೆಯಲ್ಲಿದ್ದ 7 ಬಗೆಯ ವೈಕಲ್ಯಗಳನ್ನು 21ಕ್ಕೆ ಹೆಚ್ಚಿಸಿತು. ಅನೇಕ ಸವಲತ್ತುಗಳಿಗೆ ಶೇಕಡಾ 40ರ ಪ್ರಮಾಣವನ್ನು ಅಳತೆಯಾಗಿ ಇಟ್ಟಿದೆ. ಅಲ್ಲಿ ‘ಡಿಸೆಬಿಲಿಟಿ’ ಎಂದರೆ ವೈದ್ಯರು ನೋಡಿ ಪ್ರಮಾಣಪತ್ರ ಕೊಡುವ ಒಂದು ಸ್ಥಿತಿ. ‘ಇನೆಬಿಲಿಟಿ’ಯಾದರೋ ಜಾಗಕ್ಕೆ ತಕ್ಕಂತೆ ಬದಲಾಗುತ್ತದೆ. ಮೂರು ಮೆಟ್ಟಿಲಿರುವ ಒಂದು ಕಚೇರಿಗೆ ಹೋದಾಗ ಒಳಗೆ ಹೋಗಲು ನನಗೆ ಆಗಲಿಲ್ಲ. ಅರ್ಜಿಯನ್ನು ಬಾಗಿಲಲ್ಲೇ ಇನ್ನೊಬ್ಬರ ಕೈಗೆ ಕೊಟ್ಟು ಬಂದೆ. ಮುಂದೆ ಅಲ್ಲಿ ಇಳಿಜಾರು ಕಟ್ಟಿದರು. ನನ್ನ ಕಾಲು ಇದ್ದ ಹಾಗೆಯೇ ಇದೆ, ಒಳಗೆ ಹೋಗಲಾಗದ ‘ಇನೆಬಿಲಿಟಿ’ ಮಾತ್ರ ಹೋಯಿತು. 2006ರ ವಿಶ್ವಸಂಸ್ಥೆಯ ಒಡಂಬಡಿಕೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದೇಹದ ಊನಕ್ಕೆ ಸಮಾಜದ ಧೋರಣೆ ಮತ್ತು ಪರಿಸರದ ಅಡ್ಡಿಗಳು ಎದುರಾದಾಗಲೇ ‘ಡಿಸೆಬಿಲಿಟಿ’ ಹುಟ್ಟುತ್ತದೆ ಎನ್ನುತ್ತದೆ. ಆದ್ದರಿಂದ ನನ್ನಂಥವರ ಪರವಾಗಿ ಅರ್ಜಿ ಬರೆಯುವಾಗ ‘ಇನೆಬಿಲಿಟಿ’ ಎಂದಷ್ಟೇ ಬರೆದು ನಿಲ್ಲಿಸದೆ, ಯಾವ ಅಡ್ಡಿಯಿಂದ ಯಾವ ಕೆಲಸ ಆಗುತ್ತಿಲ್ಲ ಎಂಬುದನ್ನು ದಯವಿಟ್ಟು ಬಿಡಿಸಿ ಬರೆಯಿರಿ.

ತೊಗರಿನಾಡು, ಕಲಬುರಗಿ

ಗುರುಗಳಿಗೂ ವಕೀಲ ಸಾಹೇಬರಿಗೂ ಯಾದಗಿರಿಯ ಅಣ್ಣನವರಿಗೂ ಧನ್ಯವಾದಗಳು. ಇನ್ನೊಂದೇ ಸಂದೇಹ. ಸಭೆಯ ನಡಾವಳಿಗಳಲ್ಲಿ ‘ಎಕ್ಸ್‌ಪ್ರೆಸ್ಡ್ ಹಿಸ್ ಇನೆಬಿಲಿಟಿ’ ಎಂದು ಪದೇ ಪದೇ ಬರುತ್ತದೆ. ಇದು ಸರಿಯಾದ ಬಳಕೆಯೇ?

ಓದುಮನೆ, ಬೀದರ್

ವ್ಯಾಕರಣದ ತಪ್ಪಿಲ್ಲ. ಭಾರತದ ಕಚೇರಿಗಳ ಮತ್ತು ಪತ್ರಿಕೆಗಳ ಇಂಗ್ಲಿಷಿಗೆ ಇದು ಬಹಳ ಪ್ರಿಯವಾದ ಮಾತು. ‘ಅಸಮರ್ಥತೆ ವ್ಯಕ್ತಪಡಿಸಿದರು’ ಎಂದು ಕನ್ನಡದ ವರದಿಗಳಿಗೂ ಅದು ಇಳಿದಿದೆ. ಇಂಗ್ಲೆಂಡಿನವರು ಅದೇ ಜಾಗದಲ್ಲಿ ಹೆಚ್ಚಾಗಿ ‘ಸೆಡ್ ಹೀ ಕುಡ್ ನಾಟ್’ ಎಂದು ಸರಳವಾಗಿ ಬರೆಯುತ್ತಾರೆ. ನನ್ನ ಆಕ್ಷೇಪವಿರುವುದು ಇನ್ನೊಂದು ಕಾರಣಕ್ಕೆ. ಬರಲು ಮನಸ್ಸಿಲ್ಲದವರ ನಿರಾಕರಣೆಯನ್ನೂ ಈ ಮಾತಿನಡಿ ಬಚ್ಚಿಡುವ ರೂಢಿ ಬೆಳೆದಿದೆ. ಅಧಿಕಾರಿ ಜ್ವರದಿಂದ ಮಲಗಿದ್ದರೆ ಹಾಗೆಯೇ ಬರೆಯಿರಿ; ಕರೆದರೂ ಬರಲು ಒಪ್ಪದಿದ್ದರೆ ‘ಡಿಕ್ಲೈನ್ಡ್’ ಎಂದು ಬರೆಯಿರಿ. ನಡಾವಳಿ ಓದುವವರಿಗೆ ಅವರು ಬರಲಾಗದವರೋ ಬರಲೊಲ್ಲದವರೋ ಎಂಬುದು ತಿಳಿಯಲೇಬೇಕು.