ನಾಗಬನ ಗುಂಪಿನಲ್ಲಿ ಸ್ವೀಡನ್

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನ ಹೆಸರು ಇವತ್ತಿಗೂ 'ನಾಗಬನ ಜೀರ್ಣೋದ್ಧಾರ'. 2015ರಲ್ಲಿ ಬನಕ್ಕೆ ಕಟ್ಟೆ ಕಟ್ಟಿಸುವಾಗ ದುಡ್ಡು ಒಟ್ಟು ಮಾಡಲು ಶುರು ಮಾಡಿದ್ದು. ಕಟ್ಟೆ ಆಯಿತು, ಪ್ರತಿಷ್ಠೆ ಆಯಿತು, ಶಾಮಿಯಾನದವರ ಬಾಕಿ ಯಾರು ಕೊಟ್ಟದ್ದು ಎಂಬ ಜಗಳವೂ ಆಯಿತು. ಗುಂಪು ಮಾತ್ರ ಉಳಿಯಿತು. 43 ಜನ. ಅಡ್ಮಿನ್ ನಾನು. ಆಗ ಮನೆಯಲ್ಲಿ ನನ್ನ ಫೋನ್ ಒಂದೇ ನೆಟ್ಟಗಿತ್ತು, ಅಷ್ಟೇ ಕಾರಣ.

ನನ್ನ ಫೋನಿನಲ್ಲಿ ಎಲ್ಲರಿಗೂ ಊರಿನ ಹೆಸರೇ. ಬ್ರಹ್ಮಾವರ ದೊಡ್ಡಪ್ಪ, ಸುರತ್ಕಲ್ ಚಿಕ್ಕಮ್ಮ, ಬೆಂಗಳೂರು ಅಣ್ಣ, ದುಬೈ ತಮ್ಮ, ಕದ್ರಿ ಅತ್ತಿಗೆ. ಅತ್ತಿಗೆ ಅಂದರೆ ದೊಡ್ಡಪ್ಪನ ಸೊಸೆ. ಮಂಗಳೂರಿನ ಒಂದು ಶಾಲೆಯಲ್ಲಿ ಆರನೇ ಕ್ಲಾಸಿಗೆ ಗಣಿತ ಕಲಿಸುತ್ತಾರೆ. ದೊಡ್ಡಪ್ಪ ಸರ್ಕಾರಿ ಶಾಲೆಯಲ್ಲಿ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು. ಇವರಿಬ್ಬರೂ ಎದುರೆದುರು ಕೂತರೆ ತುಂಬ ಮರ್ಯಾದೆಯಿಂದ ಮಾತಾಡುತ್ತಾರೆ. ಗುಂಪಿನಲ್ಲಿ ಹಾಗಲ್ಲ.

2025ರ ಆಟಿ ತಿಂಗಳು, ಅಂದರೆ ಜುಲೈ-ಆಗಸ್ಟ್. ಸಂಜೆ ಆರೂವರೆ, ಹೊರಗೆ ಜೋರು ಮಳೆ. ದೊಡ್ಡಪ್ಪನಿಂದ ಒಂದು ಫಾರ್ವರ್ಡ್ ಬಂತು. ತಲೆಯಲ್ಲಿ ಎರಡು ಬಾಣದ ಗುರುತು, ಅಂದರೆ ಐದಾರು ಕೈ ದಾಟಿ ಬಂದದ್ದು.

'ಎಚ್ಚರ!! ಸ್ವೀಡನ್ ದೇಶದ ಶಾಲೆಗಳಿಂದ ಕಂಪ್ಯೂಟರ್, ಟ್ಯಾಬ್ ಎಲ್ಲ ಹೊರಗೆ!! ಕ್ಲಾಸಿನಲ್ಲಿ ಆನ್‌ಲೈನ್ ಕ್ವಿಜ್ ಆಡಿಸಿದರೆ ಮಕ್ಕಳ ಮೆದುಳು ಕುಗ್ಗುತ್ತದೆ ಎಂದು ನೊಬೆಲ್ ವಿಜ್ಞಾನಿಯ ಎಚ್ಚರಿಕೆ!! ನಮ್ಮ ಗುರುಕುಲ ಪದ್ಧತಿಯೇ ಶ್ರೇಷ್ಠ. ಹತ್ತು ಜನರಿಗೆ ಕಳಿಸಿ.'

ಕೆಳಗೆ ದೊಡ್ಡಪ್ಪನ ಸ್ವಂತ ಸಾಲು: 'ಓದಿ ಆಲೋಚನೆ ಮಾಡಬೇಕಾದವರು ಮಾಡಲಿ.'

ಆಲೋಚನೆ ಮಾಡಬೇಕಾದವರು ಯಾರು ಅಂತ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಭಾನುವಾರ ಮೊಮ್ಮಗ, ಅಂದರೆ ಅತ್ತಿಗೆಯ ಮಗ, ಬ್ರಹ್ಮಾವರಕ್ಕೆ ಹೋದವನು ಟ್ಯಾಬ್ ಬೇಕು ಅಂತ ಹಠ ಹಿಡಿದಿದ್ದ. ಅವನ ಶಾಲೆಯಲ್ಲಿ ಕಾಹೂಟ್ ಅನ್ನುವ ಆನ್‌ಲೈನ್ ಕ್ವಿಜ್ ಆಡಿಸುತ್ತಾರಂತೆ. ಸಂಖ್ಯೆ ಹಾಕಿ ಒಳಗೆ ಹೋಗುವುದು, ಪ್ರಶ್ನೆ ಬಂದ ಕೂಡಲೇ ಬಣ್ಣದ ಚೌಕ ಒತ್ತುವುದು. 'ಅಜ್ಜ, ನಾನು ಓದುವುದೇ ಇಲ್ಲ. ಕೆಂಪು ತ್ರಿಕೋನ ಒತ್ತಿಬಿಡುವುದು. ಬೇಗ ಒತ್ತಿದರೆ ಜಾಸ್ತಿ ಪಾಯಿಂಟ್' ಅಂದನಂತೆ ಪುಣ್ಯಾತ್ಮ. ದೊಡ್ಡಪ್ಪನಿಗೆ ಆವತ್ತಿನಿಂದ ಹೊಟ್ಟೆಯೊಳಗೆ ಬೆಂಕಿ. ಆಮೇಲೆ ಈ ಫಾರ್ವರ್ಡ್ ಸಿಕ್ಕಿತು.

ಮೊದಲು ಬಂದದ್ದು ಚಿಕ್ಕಮ್ಮನ ಕೈ ಮುಗಿದ ಚಿತ್ರ. ಅವರು ಯಾವುದಕ್ಕೂ ಕೈ ಮುಗಿಯುತ್ತಾರೆ. ಹುಟ್ಟಿದರೂ, ಸತ್ತರೂ, ಸ್ವೀಡನ್ ಆದರೂ.

ಎರಡನೆಯದು ಬೆಂಗಳೂರು ಅಣ್ಣನದು. ಒಂದೇ ಶಬ್ದ: 'ಮೂಲ?'

ದೊಡ್ಡಪ್ಪ: ಮೂಲ ಎಂತ ಮೂಲ? ಸ್ವೀಡನ್ ಅಂತ ಬರೆದಿದೆಯಲ್ಲ.

ಅಣ್ಣ: 2016ರಲ್ಲಿ ಎರಡು ಸಾವಿರದ ನೋಟಿನಲ್ಲಿ ಚಿಪ್ ಉಂಟು ಅಂತಲೂ ಬರೆದಿತ್ತು ದೊಡ್ಡಪ್ಪ. ಇದೇ ಗುಂಪಿನಲ್ಲಿ.

ದೊಡ್ಡಪ್ಪ: ಅದನ್ನು ನಾನು ಬರೆದದ್ದಲ್ಲ. ಬಂದದ್ದನ್ನು ಕಳಿಸಿದ್ದು.

ಅಣ್ಣ: ಇದೂ ಬಂದದ್ದೇ ಅಲ್ವಾ?

ಅಣ್ಣನ ಸ್ವಭಾವವೇ ಹಾಗೆ. ಸರಿಯಾದದ್ದನ್ನೇ ಹೇಳುತ್ತಾನೆ, ಆದರೆ ಕೇಳುವವರಿಗೆ ಅದನ್ನು ಒಪ್ಪುವ ಮನಸ್ಸೇ ಉಳಿಯದ ಹಾಗೆ ಹೇಳುತ್ತಾನೆ. ಹತ್ತು ನಿಮಿಷದಲ್ಲಿ ಉದ್ದ ಮೆಸೇಜ್ ಹಾಕಿದ. ಸ್ವೀಡನ್ ಶಾಲೆಗಳಿಂದ ಕಂಪ್ಯೂಟರ್, ಟ್ಯಾಬ್ ಎಲ್ಲ ಹೊರಗೆ ಹಾಕಿಲ್ಲ. 2023ರಲ್ಲಿ ಅಲ್ಲಿನ ಸರ್ಕಾರ ಶಾಲೆಗಳಿಗೆ ಮತ್ತೆ ಅಚ್ಚಿನ ಪುಸ್ತಕ ಕೊಡಿಸಲು 68.5 ಕೋಟಿ ಕ್ರೋನಾ ತೆಗೆದಿಟ್ಟಿತು. ಸಣ್ಣ ಮಕ್ಕಳಿಗೆ ಪರದೆ ಕಡಿಮೆ ಮಾಡಿ, ಕೈಬರಹ ಜಾಸ್ತಿ ಮಾಡಿ ಅಂದಿತು. ಅಷ್ಟೇ. ಕ್ಲಾಸಿನಲ್ಲಿ ಮಕ್ಕಳ ಅಭಿಪ್ರಾಯ ಕೇಳುವ ಮೆಂಟಿಮೀಟರ್ ಇದೆಯಲ್ಲ, ಅದು ಹುಟ್ಟಿದ್ದೇ ಸ್ವೀಡನ್‌ನಲ್ಲಿ. ಕಾಹೂಟ್ ಪಕ್ಕದ ನಾರ್ವೆಯದು. ಇನ್ನು ನೊಬೆಲ್ ವಿಜ್ಞಾನಿ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೈಮನ್ ಮರುವರ್ಷವೇ ಫೆಟ್ ಅಂತ ಶುರು ಮಾಡಿದರು. ವಿದ್ಯುತ್ತು, ಲೋಲಕ, ಭಿನ್ನರಾಶಿ ಎಲ್ಲವನ್ನೂ ಪರದೆಯ ಮೇಲೆ ಮಕ್ಕಳೇ ಎಳೆದು ತಿರುಗಿಸಿ ನೋಡುವಂಥದ್ದು, ಪುಕ್ಕಟೆ. ಪ್ರಶಸ್ತಿಯ ದುಡ್ಡಿನಲ್ಲಿ ಸ್ವಲ್ಪವನ್ನು ಅದಕ್ಕೇ ಹಾಕಿದರು.

'ಅಂದರೆ ನಿಮ್ಮ ಫಾರ್ವರ್ಡ್ ಹೇಳಿದ್ದಕ್ಕೆ ಪೂರಾ ಉಲ್ಟಾ' ಅಂತ ಮುಗಿಸಿದ. ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. 2023ರ ಯುನೆಸ್ಕೋ ವರದಿಯನ್ನೂ ಎಳೆದು ತಂದ. ತಂತ್ರಜ್ಞಾನ ಮೇಷ್ಟರ ಪಾಠಕ್ಕೆ ಜೊತೆಯಾಗಿರಬೇಕು, ಮೇಷ್ಟರ ಜಾಗಕ್ಕೆ ಬರಬಾರದು ಅಂತ ಅದರಲ್ಲಿ ಉಂಟು.

ದೊಡ್ಡಪ್ಪ: ಯುನೆಸ್ಕೋ ಅಂದರೆ ನಮ್ಮ ರಾಷ್ಟ್ರಗೀತೆ ಜಗತ್ತಿಗೇ ಬೆಸ್ಟ್ ಅಂತ ಹೇಳಿದ್ದಲ್ವಾ?

ಅಣ್ಣ ಆಮೇಲೆ ಎರಡು ನಿಮಿಷ ಏನೂ ಬರೆಯಲಿಲ್ಲ. ಪಾಪ, ಆ ಸುಳ್ಳು ಸುದ್ದಿಯ ಹಿಂದೆ ಅವನು ಈ ಗುಂಪಿನಲ್ಲಿ ಎಷ್ಟು ವರ್ಷ ಓಡಿದ್ದಾನೆ.

ಅಷ್ಟರಲ್ಲಿ ಅತ್ತಿಗೆ ಬಂದರು. ಶಾಲೆ ಮುಗಿಸಿ, ಮಳೆಯಲ್ಲಿ ಬಸ್ಸು ಇಳಿದು, ಅಡುಗೆಗೆ ಇಟ್ಟು ಫೋನ್ ತೆಗೆದಿರಬೇಕು.

ಅತ್ತಿಗೆ: ಮಾವ, ನಮ್ಮ ಶಾಲೆಯಲ್ಲಿ ಮಕ್ಕಳ ಕೈಗೆ ಮೊಬೈಲ್ ಕೊಡುವುದಿಲ್ಲ. ಕಾಹೂಟ್ ನನಗೂ ಅಷ್ಟು ಇಷ್ಟ ಇಲ್ಲ. ನಿಧಾನ ಆಲೋಚಿಸುವ ಮಗು ಸರಿ ಉತ್ತರ ಕೊಟ್ಟರೂ ಕೆಳಗೇ ಉಳಿಯುತ್ತದೆ. ನಾನು ಬಳಸುವುದು ಕಾಗದದ ಕಾರ್ಡು.

ದುಬೈ ತಮ್ಮ: ಕಾಗದದ ಆನ್‌ಲೈನಾ? ಎಂತ ಅತ್ತಿಗೆ ಅದು?

ಆಗ ಅತ್ತಿಗೆ ಬರೆದದ್ದನ್ನು ಗುಂಪಿನಲ್ಲಿ ಪೂರ್ತಿ ಓದಿದವನು ಬಹುಶಃ ನಾನೊಬ್ಬನೇ.

ಅದರ ಹೆಸರು ಪ್ಲಿಕರ್ಸ್. ಪ್ರತಿ ಮಗುವಿಗೆ ಒಂದು ಕಾರ್ಡು, ಮೇಲೆ ಕಪ್ಪು ಬಿಳಿ ಚಿತ್ತಾರ. ಒಬ್ಬರದು ಇನ್ನೊಬ್ಬರ ಹಾಗೆ ಇರುವುದಿಲ್ಲ. ನಾಲ್ಕು ಬದಿಯಲ್ಲಿ ಸಣ್ಣಕ್ಕೆ ಎ, ಬಿ, ಸಿ, ಡಿ. ಯಾವುದು ಉತ್ತರವೋ ಆ ಬದಿ ಮೇಲೆ ಬರುವ ಹಾಗೆ ಹಿಡಿಯಬೇಕು. ಮೇಡಂ ಮುಂದೆ ನಿಂತು ತಮ್ಮ ಫೋನಿನ ಕ್ಯಾಮೆರಾವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿದರೆ ಸಾಕು, ಯಾರು ಏನು ಹೇಳಿದರು ಅಂತ ಫೋನಿನಲ್ಲಿ ಬಂದುಬಿಡುತ್ತದೆ. ಪಕ್ಕದವನ ಕಾರ್ಡು ಇಣುಕಿದರೂ ಏನೂ ತಿಳಿಯುವುದಿಲ್ಲ. ಇಡೀ ಕ್ಲಾಸಿಗೆ ಒಂದು ಫೋನ್.

'ಮೊನ್ನೆ ಕೇಳಿದೆ' ಅಂತ ಬರೆದಿದ್ದರು. '1/3 ದೊಡ್ಡದಾ, 1/4 ದೊಡ್ಡದಾ? 38 ಮಕ್ಕಳಲ್ಲಿ 23 ಜನ 1/4 ಅಂದರು. ಮೂರಕ್ಕಿಂತ ನಾಲ್ಕು ದೊಡ್ಡದಲ್ವಾ ಮಿಸ್ ಅಂತ. ಕೈ ಎತ್ತಿ ಅಂದಿದ್ದರೆ ಮುಂದಿನ ಬೆಂಚಿನ ನಾಲ್ಕು ಜನ ಸರಿ ಹೇಳುತ್ತಿದ್ದರು, ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಯಾರ ಹೆಸರೂ ಹೇಳಲಿಲ್ಲ. ಒಂದು ಹಲಸಿನ ಹಪ್ಪಳ ಮೂರು ಜನಕ್ಕೆ ಹಂಚಿದರೆ ದೊಡ್ಡ ತುಂಡು ಸಿಗುತ್ತದಾ, ನಾಲ್ಕು ಜನಕ್ಕೆ ಹಂಚಿದರಾ ಅಂತ ಕೇಳಿದೆ. ಇಡೀ ಕ್ಲಾಸು ಒಟ್ಟಿಗೆ ಮೂರು ಜನಕ್ಕೆ ಅಂತ ಕೂಗಿತು. ಇನ್ನೊಮ್ಮೆ ಕಾರ್ಡು ಎತ್ತಿಸಿದೆ. ಈಗ ತಪ್ಪು ನಾಲ್ಕೇ.'

ನನಗೆ ಇದು ಓದಿ ನಮ್ಮ ಆಫೀಸಿನ ತರಬೇತಿ ನೆನಪಾಯಿತು. ಬಂದವರು ಮೆಂಟಿಮೀಟರ್‌ನಲ್ಲಿ 'ಇವತ್ತು ನೀವು ಕಲಿತದ್ದೇನು' ಅಂತ ಕೇಳಿದ್ದರು. ಜಾಸ್ತಿ ಜನ ಬರೆದ ಶಬ್ದ ಪರದೆಯ ಮೇಲೆ ದಪ್ಪಗೆ ಕಾಣುತ್ತದೆ. ನಟ್ಟ ನಡುವೆ ಎಲ್ಲಕ್ಕಿಂತ ದಪ್ಪಗೆ ಬಂದದ್ದು 'ಊಟ'. ಅವರು ನಕ್ಕು ಮುಂದಿನ ಸ್ಲೈಡಿಗೆ ಹೋದರು. ಯಂತ್ರ ನಿಜವನ್ನೇ ಹೇಳಿತ್ತು, ಕೇಳಿದವರಿಗೆ ಬೇಕಿರಲಿಲ್ಲ. ಇದನ್ನು ಗುಂಪಿನಲ್ಲಿ ಹಾಕೋಣ ಅಂದುಕೊಂಡೆ. ಆದರೆ ಆಗಲೇ ಚಿಕ್ಕಮ್ಮ ಬರೆದಾಗಿತ್ತು.

ಚಿಕ್ಕಮ್ಮ: ಹಲಸಿನ ಹಪ್ಪಳ ಅಂದಾಗ ನೆನಪಾಯ್ತು. ಈ ಸಲ ಬ್ರಹ್ಮಾವರದಿಂದ ನಮಗೆ ಒಂದು ಕಟ್ಟೂ ಬರಲಿಲ್ಲ. ಕದ್ರಿಗೆ ಬಂದಿದೆ ಅಂತ ಕಾಣ್ತದೆ. ಶಾಲೆಯಲ್ಲಿ ಹಂಚುವಷ್ಟು.

ಅತ್ತಿಗೆ: ಅತ್ತೆ, ಅದು ಉದಾಹರಣೆಗೆ ಹೇಳಿದ್ದು. ಹಪ್ಪಳ ತೆಗೆದುಕೊಂಡು ಹೋಗಿಲ್ಲ.

ಚಿಕ್ಕಮ್ಮ: ನಾನು ಸುಮ್ನೆ ಹೇಳಿದೆ ಮಾರಾಯ್ತಿ.

ಅತ್ತಿಗೆ: ಹೋದ ವರ್ಷ ಡಿಸಿ ರಜೆ ಆದೇಶ ಅಂತ ಹಳೇದನ್ನು ಸುಮ್ನೆ ಹಾಕಿದ್ದಿರಿ. ಮಗನನ್ನು ಮನೆಯಲ್ಲಿ ನಿಲ್ಲಿಸಿ ಅವನ ಟೆಸ್ಟ್ ಹೋಯ್ತು.

ಕರಾವಳಿಯಲ್ಲಿ ಮಳೆಗಾಲದಲ್ಲಿ ಮಕ್ಕಳಿರುವವರ ಮನೆಯಲ್ಲಿ ದೇವರ ಪ್ರಸಾದಕ್ಕೂ ಇಷ್ಟು ಕಾಯುವುದಿಲ್ಲ, ಡಿಸಿ ಆದೇಶಕ್ಕೆ ಕಾಯುತ್ತಾರೆ. ಹಿಂದಿನ ವರ್ಷದ ಆದೇಶ ಮರುವರ್ಷ ಓಡಾಡುವುದೂ ಮಾಮೂಲು. ಆದರೆ ಚಿಕ್ಕಮ್ಮನ ಮೇಲೆ ಈ ಸಿಟ್ಟು ಒಂದು ವರ್ಷದಿಂದ ಹೀಗೆ ಕಾದು ಕೂತಿತ್ತು ಅಂತ ನನಗೆ ಗೊತ್ತಿರಲಿಲ್ಲ.

ಅಣ್ಣ ಮಧ್ಯೆ ಬಾಯಿ ಹಾಕಿದ. ಕ್ವಿಜಿಜ್ ಅಂತ ಒಂದುಂಟು, 2015ರಲ್ಲಿ ನಮ್ಮ ಬೆಂಗಳೂರಿನಲ್ಲೇ ಹುಟ್ಟಿದ್ದು, ಈಗ ವೇಗ್ರೌಂಡ್ ಅಂತ ಹೆಸರು ಬದಲಿಸಿದ್ದಾರೆ ಅಂದ.

ದೊಡ್ಡಪ್ಪ: ಬೆಂಗಳೂರಿನವರು ಯಂತ್ರ ಮಾಡಲಿ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಬರುವುದು ಉಡುಪಿ. 2024ರಲ್ಲಿ 94 ಪರ್ಸೆಂಟ್. ಯಾವ ಕಾರ್ಡೂ ಇಲ್ಲದೆ.

ಕದ್ರಿಯಿಂದ ಇಷ್ಟು ಹೊತ್ತು ಬರೀ ನೀಲಿ ಗೆರೆ ಮಾತ್ರ ತೋರಿಸುತ್ತಿದ್ದ ದೊಡ್ಡಪ್ಪನ ಮಗ, ಅಂದರೆ ಅತ್ತಿಗೆಯ ಗಂಡ, ಒಂದೇ ಸಾಲು ಹಾಕಿದ: 'ಅಪ್ಪ, 2025ರಲ್ಲಿ ದಕ್ಷಿಣ ಕನ್ನಡ ಫಸ್ಟ್. 91.12.' ಮತ್ತೆ ಮಾಯ.

ಯಾರೋ 1997ರವರೆಗೆ ಎರಡೂ ಒಂದೇ ಜಿಲ್ಲೆ ಅಂದರು. ಯಾರೋ ಶಾಮಿಯಾನದ ಬಾಕಿಯಲ್ಲೂ ಹೀಗೇ ಉಡುಪಿಯವರು, ಮಂಗಳೂರಿನವರು ಅಂತ ಆಯ್ತು ಅಂದರು. ಇಬ್ಬರು ನನಗೆ ಬೇರೆಯಾಗಿ ಮೆಸೇಜ್ ಮಾಡಿ 'ನೀನು ಅಡ್ಮಿನ್, ಎಂತಾದ್ರೂ ಮಾಡು' ಅಂದರು. ಒಬ್ಬರು ಮಾಡಬೇಡ ಅಂದರು, ಮಜಾ ಬರ್ತಾ ಉಂಟಂತೆ.

ಚಿಕ್ಕಮ್ಮ ಈ ಗಲಾಟೆಯಲ್ಲಿ 2021ರ ಆ ಹಳೇ ಫೋಟೋ ಹಾಕಿದರು. ಸುಳ್ಯದ ಕಡೆ ನೆಟ್‌ವರ್ಕ್ ಹುಡುಕಿ ರಸ್ತೆ ಬದಿಯಲ್ಲಿ ಕೂತು ಕ್ಲಾಸ್ ಕೇಳುವ ಹುಡುಗಿ, ಮಳೆಯಲ್ಲಿ ಕೊಡೆ ಹಿಡಿದು ನಿಂತ ಅಪ್ಪ. ಆನ್‌ಲೈನ್ ಬೇಡ ಅಂತ ಹಾಕಿದರೋ, ಕಲಿಯುವ ಆಸೆ ನೋಡಿ ಅಂತ ಹಾಕಿದರೋ ತಿಳಿಯಲಿಲ್ಲ. ಎರಡು ಪಕ್ಷದವರೂ ಹೆಬ್ಬೆರಳು ಒತ್ತಿದರು.

ಆಗ ದುಬೈ ತಮ್ಮನಿಗೆ ಬಾಲ್ಯ ಉಕ್ಕಿತು. ಅವನು ದೊಡ್ಡಪ್ಪನ ಶಾಲೆಯಲ್ಲೇ ಓದಿದವನು. ಎರಡು ನಿಮಿಷದ ಧ್ವನಿ ಸಂದೇಶ, ಹಿಂದೆ ಕಾರಿನ ಹಾರ್ನು. ದೊಡ್ಡಪ್ಪ ಲೆಕ್ಕ ಹೇಳುತ್ತಿದ್ದರಂತೆ. ಎಲ್ಲರೂ ಸ್ಲೇಟಿನಲ್ಲಿ ಉತ್ತರ ಬರೆದು ಬೋರಲು ಹಾಕಬೇಕು. 'ಸ್ಲೇಟು ಮೇಲೆ!' ಅಂತ ಗುಡುಗಿದ ಕೂಡಲೇ ನಲವತ್ತು ಸ್ಲೇಟು ಒಟ್ಟಿಗೆ ಏಳಬೇಕು. ಅವರು ಕಣ್ಣನ್ನು ಈ ಗೋಡೆಯಿಂದ ಆ ಗೋಡೆಗೆ ಒಂದು ಸಲ ಹಾಯಿಸುತ್ತಿದ್ದರು, ಅಷ್ಟರಲ್ಲಿ ಯಾರಿಗೆ ಬಂದಿಲ್ಲ ಅಂತ ಗೊತ್ತಾಗುತ್ತಿತ್ತು. ಒರೆಸಲಿಕ್ಕೆ ತೋಡಿನ ಬದಿಯ ನೀರುಕಡ್ಡಿ ಗಿಡ ಕಿತ್ತು ಚಡ್ಡಿ ಜೇಬಿನಲ್ಲಿ ತುಂಬಿಸುತ್ತಿದ್ದೆವು, ಬಳಪ ಮುರಿದರೆ ಅಳು ಬರುತ್ತಿತ್ತು ಅಂತೆಲ್ಲ ಹೇಳಿದ.

ಚಿಕ್ಕಮ್ಮ: ಬಳಪ ಅಲ್ಲ, ನಾವು ಕಡ್ಡಿ ಅನ್ನುತ್ತಿದ್ದದ್ದು.

ಅದರ ಮೇಲೆ ಹದಿನಾಲ್ಕು ಮೆಸೇಜ್. ಕಡ್ಡಿಯೋ, ಬಳಪವೋ. ತಮ್ಮ ಹೇಳಿದ್ದು ಮತ್ತು ಅತ್ತಿಗೆ ಹೇಳಿದ್ದು ಒಂದೇ ಸಂಗತಿ ಅಂತ ಯಾರೂ ಹೇಳಲಿಲ್ಲ. ಅತ್ತಿಗೆಗೆ ಮಾತ್ರ ಹೊಳೆದಿರಬೇಕು.

ಅತ್ತಿಗೆ: ಮಾವ, ಸ್ಲೇಟಿನಲ್ಲಿ ತಪ್ಪು ಬರೆದವರನ್ನು ಏನು ಮಾಡುತ್ತಿದ್ದಿರಿ?

'ಟೈಪ್ ಮಾಡುತ್ತಿದ್ದಾರೆ' ಅಂತ ಬಂತು. ಹೋಯಿತು. ಮತ್ತೆ ಬಂತು. ಮತ್ತೆ ಹೋಯಿತು.

ದುಬೈ ತಮ್ಮ: ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ದೊಡ್ಡಪ್ಪ: ನಿನ್ನನ್ನು ಮಾತ್ರ. ನೀನು ಪಕ್ಕದವನ ಸ್ಲೇಟು ನೋಡುತ್ತಿದ್ದೆ. ಉಳಿದವರಿಗೆ ಸಂಜೆ ಮನೆಗೆ ಕರೆದು ಹೇಳಿಕೊಟ್ಟಿದ್ದೇನೆ. ದುಡ್ಡು ತೆಗೆದುಕೊಂಡಿಲ್ಲ.

ಇದು ನಿಜ. ಸಂಜೆ ಬ್ರಹ್ಮಾವರದ ಆ ಜಗಲಿಯಲ್ಲಿ ಚಿಮಣಿ ಎಣ್ಣೆಯ ದೀಪದ ಸುತ್ತ ಕೂತ ಮಕ್ಕಳನ್ನು ನಾನೂ ನೋಡಿದ್ದೇನೆ. ಅತ್ತಿಗೆ ಒಂದು ಹೆಬ್ಬೆರಳು ಹಾಕಿದರು. ದೊಡ್ಡಪ್ಪ ಅದಕ್ಕೆ ಏನೂ ಹೇಳಲಿಲ್ಲ. ಫಾರ್ವರ್ಡನ್ನು ಅಳಿಸಲೂ ಇಲ್ಲ.

ಒಂಬತ್ತೂವರೆಗೆ ಚಿಕ್ಕಮ್ಮನಿಂದ ಇನ್ನೊಂದು ಫಾರ್ವರ್ಡ್. ನಾಳೆ ಶಾಲೆಗಳಿಗೆ ರಜೆ, ಡಿಸಿ ಆದೇಶ.

ಅಣ್ಣ: ದಿನಾಂಕ?

ದೊಡ್ಡಪ್ಪ: ದಿನಾಂಕ ನೋಡಿ ಹಾಕಿದ್ದಾ?

ಅತ್ತಿಗೆ: ಈ ವರ್ಷದ್ದೇ ಮಾವ. ಶಾಲೆಯ ಗುಂಪಿನಲ್ಲೂ ಬಂತು.

ಆಮೇಲೆ ಬ್ರಹ್ಮಾವರ ದೊಡ್ಡಮ್ಮನ ಮೆಸೇಜ್. ಹತ್ತು ವರ್ಷದಲ್ಲಿ ಅವರು ಈ ಗುಂಪಿನಲ್ಲಿ ಬರೆದದ್ದನ್ನು ನಾನು ನೋಡಿದ್ದು ಇದೇ ಮೊದಲು.

'ಹಪ್ಪಳ ಡಬ್ಬಿಯಲ್ಲಿ ಉಂಟು. ಸುರತ್ಕಲ್‌ನವರದ್ದು ಬೇರೆ ಕಟ್ಟಿ ಇಟ್ಟಿದ್ದೇನೆ, ಮೇ ತಿಂಗಳಿಂದ. ಯಾರೂ ಈ ಕಡೆ ಬರಲಿಲ್ಲ.'