ಗೋಲ್ಡ್ ಪ್ಯಾನಿಂಗ್‌ಗೆ ಕನ್ನಡ ಪದ? (ನಾಳೆ ಅಚ್ಚಿಗೆ)

> ನಮ್ಮ ಕನ್ನಡ ಕೂಟದವರು ಕ್ಯಾಲಿಫೋರ್ನಿಯಾದ ಕೊಲಂಬಿಯಾಕ್ಕೆ ಹೊರಟಿದ್ದೇವೆ. 1850ರಲ್ಲಿ ಚಿನ್ನ ಸಿಕ್ಕಿ ಎದ್ದ ಊರು. ಅಲ್ಲಿ 1852ರ ಡೇರೆ ಊರನ್ನು ಮತ್ತೆ ಕಟ್ಟಿ, ಆಗಿನ ಬಟ್ಟೆ ತೊಟ್ಟು, ಆಗಿನ ಹಾಗೇ ಬದುಕಿ ತೋರಿಸುತ್ತಾರೆ. ಕರಪತ್ರಕ್ಕೆ 'ಗೋಲ್ಡ್ ಪ್ಯಾನಿಂಗ್', 'ಲಿವಿಂಗ್ ಹಿಸ್ಟರಿ' ಎರಡಕ್ಕೂ ಕನ್ನಡ ಬೇಕು.

ಗೋಲ್ಡ್ ಪ್ಯಾನಿಂಗ್, ಅಂದರೆ ಹೊಳೆಯ ಮರಳನ್ನು ಪ್ಯಾನ್ ಎಂಬ ಅಗಲ ತಟ್ಟೆಯಲ್ಲಿ ನೀರಿನ ಜೊತೆ ಕುಲುಕಿ ಚಿನ್ನ ತೆಗೆಯುವುದಕ್ಕೆ, 'ಚಿನ್ನ ಜಾಲಿಸುವುದು' ಎಂದು ಬರೆಯಿರಿ.

ಮೇಲೆ ಒಬ್ಬರು ಕೊಟ್ಟ 'ಸ್ವರ್ಣಪ್ರಕ್ಷಾಲನೆ' ಬೇಡವೇ ಬೇಡ. ಪ್ಯಾನಿಂಗ್‌ನಲ್ಲಿ ಚಿನ್ನವನ್ನು ತೊಳೆಯುವುದಿಲ್ಲ, ಮರಳಿನಿಂದ ಬೇರೆ ಮಾಡುತ್ತಾರೆ. 'ಗಣಿಗಾರಿಕೆ'ಯೂ ಸಲ್ಲದು. ಕೋಲಾರದಲ್ಲಿ ಮೂರು ಕಿಲೋಮೀಟರಿಗಿಂತ ಆಳಕ್ಕೆ ಇಳಿದು ಕಲ್ಲು ಒಡೆದು ತಂದರು. ಆ ಕೆಲಸವೇ ಬೇರೆ.

ನಮ್ಮಜ್ಜಿ ರಾಗಿ ಜಾಲಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿದ ಹಾಗಿದೆ. ಪಾತ್ರೆ ತುಂಬ ನೀರು. ಎರಡೂ ಕೈಯಲ್ಲಿ ಹಿಡಿದು ಸಣ್ಣಗೆ ಕುಲುಕುತ್ತಾ, ರಾಗಿಯನ್ನು ನೀರಿನ ಜೊತೆ ಇನ್ನೊಂದು ಪಾತ್ರೆಗೆ ಬಗ್ಗಿಸುವುದು. ಕೊನೆಗೆ ತಳದಲ್ಲಿ ಕಲ್ಲು ಮಾತ್ರ. ಪ್ಯಾನಿಂಗ್ ಅಂದರೆ ಇದೇ ಅಲ್ವಾ? ಮರಳು ನೀರಿಗಿಂತ ಎರಡೂವರೆ ಪಟ್ಟು ಚಿಲ್ಲರೆ ಭಾರ, ಚಿನ್ನ 19 ಪಟ್ಟು. ಮರಳು ಹರಿದು ಹೋಗುತ್ತದೆ, ಚಿನ್ನ ತಳ ಹಿಡಿಯುತ್ತದೆ.

ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೇ ಚಿನ್ನ ತೆಗೆಯುತ್ತಿದ್ದವರನ್ನು ಜಾಲಗಾರರು ಅನ್ನುತ್ತಿದ್ದರು. 19ನೇ ಶತಮಾನದ ಬ್ರಿಟಿಷ್ ಭೂವಿಜ್ಞಾನಿಗಳೂ ಆ ಹೆಸರನ್ನೇ ಬರೆದುಕೊಂಡರು. ಕೆಲಸ ನಮ್ಮಲ್ಲಿತ್ತು, ಪದವೂ ಇತ್ತು. ಮತ್ತೆ ಹೊಸದು ಕಟ್ಟುವುದು ಯಾಕೆ?

'ಜಾಲಿಸು' ಸಂಸ್ಕೃತದಿಂದ ಬಂತು, ಹಾಗಾಗಿ ಅಚ್ಚಗನ್ನಡ ಅಲ್ಲ ಎಂಬ ತಕರಾರು ಇಲ್ಲಿ ಬಂದೇ ಬರುತ್ತದೆ. ಬಂದಿದ್ದರೆ ಬಂದಿರಲಿ. ಅಡುಗೆಮನೆಯಲ್ಲಿ ದಿನಾ ದುಡಿದ ಪದ ನಮ್ಮದೇ. 'ಉತ್ಸವ' ಹೊರಗಿನದು, 'ಹಬ್ಬ' ಅಪ್ಪಟ ನಮ್ಮದು ಎಂದವರೂ ಗಮನಿಸಿ: ಪರ್ವವೇ ಪಬ್ಬವಾಗಿ ಹಬ್ಬವಾದದ್ದು. ಸಾಲವನ್ನು ಇಷ್ಟು ಚೆನ್ನಾಗಿ ಅರಗಿಸಿಕೊಂಡ ನುಡಿಗೆ ಈ ಮಡಿ ಬೇಕಿಲ್ಲ.

ಇನ್ನು 'ಲಿವಿಂಗ್ ಹಿಸ್ಟರಿ'. 'ಜೀವಂತ ಇತಿಹಾಸ' ಸುಮ್ನೆ ಪದಕ್ಕೆ ಪದ ಇಟ್ಟದ್ದು, ಏನೂ ತಿಳಿಯುವುದಿಲ್ಲ. 'ಅಂದಿನ ಬದುಕಿನ ಹಬ್ಬ' ಅನ್ನಿ. 'ಜಾತ್ರೆ' ನನಗೆ ಒಪ್ಪಿಗೆಯಿಲ್ಲ, ದೇವರಿಲ್ಲದೆ ಜಾತ್ರೆ ಎಲ್ಲಿಯದು?

ಪ್ಯಾನನ್ನು ಪ್ಯಾನ್ ಅಂತಲೇ ಬಿಡಿ. ಬಾಣಲೆಯದು ಗುಂಡಗಿನ ತಳ, ಇದರದು ಚಪ್ಪಟೆ.

ಕರಪತ್ರದ ಸಾಲು: 'ಬನ್ನಿ, ಮರಳಲ್ಲಿ ಚಿನ್ನ ಜಾಲಿಸಿ ನೋಡಿ.'