ಬಿಸಿಲು ಏರುತ್ತಿದ್ದಂತೆ ಸೋಲಾರ್ ಇನ್ವರ್ಟರ್ ಟ್ರಿಪ್ ಆಗುತ್ತಿದೆ: ‘ಗ್ರಿಡ್ ಓವರ್‌ವೋಲ್ಟೇಜ್’

ತೋಟದಮನೆ_ಶಿರಸಿ:
ನಮಸ್ಕಾರ. ಮನೆ ಮೇಲೆ 5 ಕಿಲೋವ್ಯಾಟ್ ಆನ್‌ಗ್ರಿಡ್ (ಕರೆಂಟ್ ಕಂಪನಿಯ ಲೈನಿಗೇ ಜೋಡಿಸಿದ) ಸೋಲಾರ್ ಇದೆ, ಸಿಂಗಲ್ ಫೇಸ್. ಬೆಳಗ್ಗೆ ಚೆನ್ನಾಗಿಯೇ ಓಡುತ್ತದೆ. ಉತ್ಪಾದನೆ 4 ಕಿಲೋವ್ಯಾಟ್ ಹತ್ತಿರ ಬಂತೋ, ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನು ಮನೆ ಕರೆಂಟಾಗಿ ಬದಲಿಸುವ ಪೆಟ್ಟಿಗೆ) ‘ಗ್ರಿಡ್ ಓವರ್‌ವೋಲ್ಟೇಜ್’, ಅಂದರೆ ಲೈನಿನ ವೋಲ್ಟೇಜ್ ಜಾಸ್ತಿ, ಅಂತ ತೋರಿಸಿ ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗೇ ಶುರುವಾಗಿ ಮತ್ತೆ ನಿಲ್ಲುತ್ತದೆ. ಹಾಕಿಕೊಟ್ಟವರು ‘ಟ್ರಿಪ್ ಆಗುವ ವೋಲ್ಟೇಜ್ ಲಿಮಿಟ್ 270ಕ್ಕೆ ಏರಿಸಿಬಿಡೋಣ’ ಅಂತಾರೆ. ಮಾಡಿಸಬಹುದಾ?

ಕ್ಲ್ಯಾಂಪ್‌ಮೀಟರ್:
ಖಂಡಿತ ಬೇಡ ಸರ್. ಲೈನಿನ ಲೆಕ್ಕದ ವೋಲ್ಟೇಜ್ 230, ಅದರ ಮೇಲೆ ಶೇ. 10 ಅಂದರೆ 253 ವೋಲ್ಟ್. ಅದನ್ನು ದಾಟಿದರೆ 2 ಸೆಕೆಂಡಿನೊಳಗೆ ಇನ್ವರ್ಟರ್ ಲೈನಿನಿಂದ ಕಳಚಿಕೊಳ್ಳಬೇಕು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮ ಹೇಳುತ್ತದೆ. ಲೈನ್ ಸರಿಹೋದ ಮೇಲೂ ಕನಿಷ್ಠ 60 ಸೆಕೆಂಡ್ ಕಾದೇ ಮತ್ತೆ ಸೇರಬೇಕು. ನಿಮ್ಮದು ನಿಂತು ನಿಂತು ಶುರುವಾಗುವುದು ಅದಕ್ಕೇ. 270 ಇಟ್ಟರೆ ನಿಮ್ಮ ಫ್ರಿಜ್ಜಿಗೂ ಪಕ್ಕದ ಮನೆ ಟಿವಿಗೂ ಅಪಾಯ.

ಮೊದಲು ಅಳೆಯಿರಿ. ಬಿಸಿಲು ಜೋರಿರುವಾಗ ಇನ್ವರ್ಟರಿನ ಎಸಿ ಟರ್ಮಿನಲ್‌ನಲ್ಲಿ ಮತ್ತು ಮೀಟರ್ ಬೋರ್ಡಿನಲ್ಲಿ ಒಂದೇ ಹೊತ್ತಿಗೆ ವೋಲ್ಟೇಜ್ ನೋಡಿ. ಆಮೇಲೆ ಸೋಲಾರ್ ಆಫ್ ಮಾಡಿ ಬೋರ್ಡಿನಲ್ಲಿ ಇನ್ನೊಮ್ಮೆ. ಕರೆಂಟ್ ಇರುವ ಜಾಗದಲ್ಲಿ ಕೈಯಾಡಿಸಿ ಅಭ್ಯಾಸ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ.

ತೋಟದಮನೆ_ಶಿರಸಿ:
ಸೋಲಾರ್ ಆಫ್: 245. ಆನ್ ಇದ್ದಾಗ ಬೋರ್ಡಿನಲ್ಲಿ 249, ಇನ್ವರ್ಟರ್ ಹತ್ತಿರ 256, ಆಮೇಲೆ ಟ್ರಿಪ್. ಆಗ 16 ಆಂಪ್ ಹೋಗುತ್ತಿತ್ತು. ನಡುವೆ 50 ಮೀಟರ್, 4 ಸ್ಕ್ವೇರ್ ಎಂಎಂ ತಾಮ್ರದ ವೈರ್.

ಕ್ಲ್ಯಾಂಪ್‌ಮೀಟರ್:
ಸಿಕ್ಕಿತಲ್ಲ! 7 ವೋಲ್ಟ್ ನಿಮ್ಮ ವೈರಿನಲ್ಲೇ ಇದೆ. ಕರೆಂಟನ್ನು ಹೊರಗೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಲೈನಿಗಿಂತ ಮೇಲೆ ಇಡಲೇಬೇಕು. ವೈರ್ ಸಣ್ಣದಾದಷ್ಟೂ ಇನ್ನೂ ಮೇಲೆ. ಹೋಗಿಬರುವ 100 ಮೀಟರಿಗೆ ಸುಮಾರು 0.46 ಓಮ್, 16 ಆಂಪಿಗೆ ಲೆಕ್ಕ ಸರಿಹೋಯಿತು. 10 ಸ್ಕ್ವೇರ್ ಎಂಎಂ ಎಳೆಸಿದರೆ ಈ 7 ಹೋಗಿ 3 ಆಗುತ್ತದೆ.

ಆದರೂ ಬೋರ್ಡಿನ 249ಕ್ಕೆ ಅದು ಸೇರಿ 252. 253ರ ಗೆರೆಗೆ ತೀರಾ ಹತ್ತಿರ, ಅಲ್ವಾ? ಅದಕ್ಕೆ ಸೆಟ್ಟಿಂಗ್‌ನಲ್ಲಿ ‘ವೋಲ್ಟ್-ವ್ಯಾಟ್’ ಇದ್ದರೆ ಆನ್ ಮಾಡಿಸಿ. ವೋಲ್ಟೇಜ್ ಏರಿದಂತೆ ಇನ್ವರ್ಟರ್ ಪೂರ್ತಿ ನಿಲ್ಲುವ ಬದಲು ಪವರ್ ಸ್ವಲ್ಪ ಸ್ವಲ್ಪ ಇಳಿಸುತ್ತದೆ. ಒಂದಿಷ್ಟು ಯೂನಿಟ್ ಹೋಗುತ್ತದೆ, ಇಡೀ ಮಧ್ಯಾಹ್ನ ಹೋಗುವುದಿಲ್ಲ. ‘ವೋಲ್ಟ್-ವಾರ್’ ಅಂತಲೂ ಇರುತ್ತದೆ, ರಿಯಾಕ್ಟಿವ್ ಪವರ್ (ಕೆಲಸ ಮಾಡದೆ ಲೈನಿನಲ್ಲಿ ಹೋಗಿಬರುವ ಪವರ್) ಎಳೆದುಕೊಂಡು ವೋಲ್ಟೇಜ್ ತಗ್ಗಿಸುವುದು. ಹಳ್ಳಿಯ ಎಲ್‌ಟಿ (ಟ್ರಾನ್ಸ್‌ಫಾರ್ಮರಿಂದ ಮನೆಗೆ ಬರುವ) ಲೈನಿನಲ್ಲಿ ರೆಸಿಸ್ಟೆನ್ಸೇ ಜಾಸ್ತಿ, ಹಾಗಾಗಿ ಅದರಿಂದ ಸಿಗುವುದು ಕಮ್ಮಿ. ನಾನಂತೂ ವೋಲ್ಟ್-ವ್ಯಾಟನ್ನೇ ಮೊದಲು ಹಚ್ಚುತ್ತೇನೆ.

ಕಂಬದಕೆಳಗೆ:
ಮಧ್ಯೆ ಬಾಯಿ ಹಾಕುತ್ತೇನೆ. ಮನೆ ಪಂಪು, ಗೀಸರ್ ಮಧ್ಯಾಹ್ನವೇ ಓಡಿಸಿ. ಲೈನಿಗೆ ಹೋಗುವ ಕರೆಂಟ್ ಕಮ್ಮಿಯಾದರೆ ಬೋರ್ಡಿನ ವೋಲ್ಟೇಜೂ ಇಳಿಯುತ್ತದೆ. ಸೋಲಾರ್ ಇಲ್ಲದೆಯೇ 245 ಅನ್ನುವುದೂ ಜಾಸ್ತಿಯೇ. ಸೆಕ್ಷನ್ ಆಫೀಸಿಗೆ ಬರೆದು ಕೊಡಿ. ಟ್ರಾನ್ಸ್‌ಫಾರ್ಮರಿನಲ್ಲಿ ಟ್ಯಾಪ್ (ಹೊರಬರುವ ವೋಲ್ಟೇಜ್ ಹೊಂದಿಸುವ ವ್ಯವಸ್ಥೆ) ಇದ್ದರೆ ವೋಲ್ಟೇಜ್ ಇಳಿಸಬಹುದು, ಇಲ್ಲವೇ ಲೋಡ್ ಜಾಸ್ತಿ ಇರುವ ಫೇಸಿಗೆ ನಿಮ್ಮನ್ನು ಬದಲಿಸಬಹುದು. ಅರ್ಜಿಯಲ್ಲಿ ಆ 256 ಬರೆಯಬೇಡಿ, ‘ನಿಮ್ಮ ಸೋಲಾರಿಂದಲೇ’ ಅಂದುಬಿಡುತ್ತಾರೆ. ಆಫ್ ಮಾಡಿ ತೆಗೆದ 245ರ ಫೋಟೋ, ಹೊತ್ತು ಕಾಣುವ ಹಾಗೆ, ಲಗತ್ತಿಸಿ.